ತುಮಕೂರಿನಲ್ಲೇ ಕೂತು ಹೊಸ ಕಾನೂನು ಜರ್ನಲ್‌ಗಳನ್ನು ಬಿಡದೆ ಓದುವುದು ಹೇಗೆ

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ನಮ್ಮ ಕೋರ್ಟ್ ಆವರಣದಲ್ಲಿ ಸೀನಿಯರ್ ಒಬ್ಬರು "ಆ ಜರ್ನಲ್ ತಗೊಂಡು ಬಾರಪ್ಪ" ಅಂದರೆ ಜೂನಿಯರ್ ಹೋಗಿ ತರುವುದು ಐಎಲ್‌ಆರ್ ಕರ್ನಾಟಕ, ಕರ್ನಾಟಕ ಲಾ ಜರ್ನಲ್ ಅಥವಾ ಎಐಆರ್. ಅವೆಲ್ಲ ತೀರ್ಪುಗಳನ್ನು ಅಚ್ಚು ಹಾಕುವ ಪುಸ್ತಕಗಳು. ನಾನು ಇಲ್ಲಿ ಹೇಳುತ್ತಿರುವುದು ಇನ್ನೊಂದು ಬಗೆಯ ಜರ್ನಲ್ ಬಗ್ಗೆ. ಕಾನೂನು ಕಲಿಸುವವರು, ಸಂಶೋಧನೆ ಮಾಡುವವರು, ಕೆಲವೊಮ್ಮೆ ವಕೀಲರು, ನ್ಯಾಯಮೂರ್ತಿಗಳೂ ಬರೆದ ಉದ್ದುದ್ದ ಲೇಖನಗಳು ಬರುವಂಥದ್ದು. ಎರಡರ ನಡುವೆ ದೊಡ್ಡ ಗೋಡೆಯೇನಿಲ್ಲ. ಎಐಆರ್‌ನಲ್ಲೂ ಸುಪ್ರೀಂ ಕೋರ್ಟ್ ತೀರ್ಪುಗಳು ಬರುವ ಎಸ್‌ಸಿಸಿಯಲ್ಲೂ ಲೇಖನಗಳಿಗೆ ಬೇರೆ ಭಾಗ ಇದೆ. ಸಂಪುಟ, ಪುಟ ಹೇಳುವ ಸೈಟೇಷನ್‌ನಲ್ಲಿ ಎಸ್‌ಸಿಸಿ ಪಕ್ಕ ಕಂಸದೊಳಗೆ 'ಜೆ' ಅಂತ ಕಂಡರೆ ಅದು ತೀರ್ಪಲ್ಲ, ಲೇಖನ. ಎಷ್ಟೋ ಜನ ವರ್ಷಗಟ್ಟಲೆ ಆ ಪುಟಗಳನ್ನು ಮುಟ್ಟದೆ ಮುಂದೆ ಹೋಗುತ್ತಾರೆ.

ನಾನು ತುಮಕೂರಿನಲ್ಲಿ ವಕೀಲಿ ಮಾಡುತ್ತೇನೆ. ವಾರಕ್ಕೆರಡು ಸಂಜೆ ಎಲ್‌ಎಲ್‌ಬಿ ಓದುವ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಿಕೊಡುತ್ತೇನೆ. "ಮೇಡಂ, ಹೊಸ ಆರ್ಟಿಕಲ್ ಎಲ್ಲಿ ನೋಡೋದು? ಬೆಂಗಳೂರಿಗೇ ಹೋಗ್ಬೇಕಾ?" ಅನ್ನುವುದು ಅವರು ನನ್ನನ್ನು ಅತಿ ಜಾಸ್ತಿ ಕೇಳಿದ ಪ್ರಶ್ನೆ. ಬೇಕಿಲ್ಲ. ಆದರೆ ಒಂದು ದಿನ ಕೂತು ವ್ಯವಸ್ಥೆ ಮಾಡಿಕೊಳ್ಳಬೇಕು, ಆಮೇಲೆ ವಾರಕ್ಕೆ ಒಂದು ಗಂಟೆ ಕೊಡಬೇಕು. ಅಷ್ಟು ಮಾಡಿದರೆ ಹೊಸ ಸಂಚಿಕೆಗಳು ತಾವಾಗಿಯೇ ನಿಮ್ಮ ಮನೆ ಬಾಗಿಲಿಗೆ ಬರುತ್ತವೆ.

ಇದನ್ನು ನಾನು ಕಲಿತದ್ದು ಒಂದು ಪೆಟ್ಟು ತಿಂದ ಮೇಲೆ. 2023ರಲ್ಲಿ ಪಿಟಿಸಿಎಲ್ ಕಾಯ್ದೆಗೆ, ಅಂದರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ ಕಾಯ್ದೆಗೆ, ತಿದ್ದುಪಡಿ ಬಂತಲ್ಲ, ಅದರ ಹೊಸದರಲ್ಲಿ ನನ್ನ ಹತ್ತಿರ ಎಸಿ (ಅಸಿಸ್ಟೆಂಟ್ ಕಮಿಷನರ್) ಕೋರ್ಟಿನ ಒಂದು ಕೇಸು ಇತ್ತು. ದರಖಾಸ್ತಿನಲ್ಲಿ ಸರ್ಕಾರದಿಂದ ಬಂದ ಎರಡು ಎಕರೆ, ಅಜ್ಜ ಮಾರಿದ್ದು, ಮೊಮ್ಮಕ್ಕಳು ವಾಪಸ್ ಕೇಳುತ್ತಿದ್ದಾರೆ. ಇಷ್ಟು ವರ್ಷ ತಡವಾಗಿ ಕೇಳಬಹುದಾ ಅನ್ನುವುದೇ ಇಡೀ ಕೇಸು. 2017ರಲ್ಲಿ ಸುಪ್ರೀಂ ಕೋರ್ಟ್ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸಮಂಜಸ ಸಮಯದೊಳಗೆ ಅರ್ಜಿ ಹಾಕಬೇಕು ಅಂದಿತ್ತು. 2023ರ ತಿದ್ದುಪಡಿ ಕಾಲಮಿತಿ ಇಲ್ಲ ಅಂದಿತು. ಎರಡನ್ನೂ ಹೇಗೆ ಹೊಂದಿಸುವುದು? ಅದಕ್ಕೆ ದಾರಿ ತೋರಿಸುವ ಒಂದು ತೀರ್ಪು ಒಂದು ಲೇಖನದ ಅಡಿಟಿಪ್ಪಣಿಯಲ್ಲಿತ್ತು. ಲೇಖನ ನನ್ನ ಕಣ್ಣಿಗೆ ಬಿದ್ದದ್ದು ವಾದ ಮುಗಿದು ಆರ್ಡರ್‌ಗೆ ಇಟ್ಟ ಮೇಲೆ. ಅದು ಬಂದು ಆಗಲೇ ಎರಡು ತಿಂಗಳಾಗಿತ್ತು. ಅವತ್ತು ಆ ಮನೆಯವರ ಮುಖ ನೋಡಲು ನನಗೆ ಕಷ್ಟವಾಯಿತು.

ಅದಕ್ಕೇ ಹೇಳುವುದು, ಕೆಳಗಿನ ಕೋರ್ಟಿನಲ್ಲಿ ಲೇಖನ ತೋರಿಸಿ ಕೇಸು ಗೆಲ್ಲುವುದಕ್ಕೆ ಆಗುವುದಿಲ್ಲ, ನಿಜ. ಅದಕ್ಕೆ ತೀರ್ಪಿನ ಬಲ ಇಲ್ಲ. ಆದರೆ ಒಳ್ಳೆಯ ಲೇಖನದ ಅಡಿಟಿಪ್ಪಣಿಯಲ್ಲಿ ಯಾರೋ ಒಬ್ಬರು ಆರು ತಿಂಗಳು ಕೂತು ಹುಡುಕಿದ ತೀರ್ಪುಗಳು, ಸಮಿತಿ ವರದಿಗಳು, ಶಾಸನಸಭೆಯ ಚರ್ಚೆಗಳು ಒಂದೇ ಕಡೆ ಸಿಗುತ್ತವೆ. ನಮ್ಮಂಥ ಜಿಲ್ಲಾ ಕೇಂದ್ರದಲ್ಲಿ, ದೊಡ್ಡ ಲೈಬ್ರರಿ ಇಲ್ಲದ ಕಡೆ, ಅದು ಸಣ್ಣ ಮಾತಲ್ಲ.

ಮೊದಲು ಪ್ರಶ್ನೆ, ಆಮೇಲೆ ಜರ್ನಲ್

ಎಲ್ಲರೂ ಮಾಡುವ ತಪ್ಪು ಇದು. ಹುರುಪಿನಲ್ಲಿ ಮೂವತ್ತು ಜರ್ನಲ್ ಹೆಸರು ಬರೆದುಕೊಳ್ಳುತ್ತಾರೆ, ಎಲ್ಲದಕ್ಕೂ ಮೇಲ್ ಕೊಡುತ್ತಾರೆ, ಎರಡನೇ ವಾರಕ್ಕೆ ಇನ್‌ಬಾಕ್ಸ್ ತುಂಬಿ ಒಂದನ್ನೂ ತೆರೆಯುವುದಿಲ್ಲ. ಹಾಗೆ ಮಾಡಬೇಡಿ. ಒಂದು ಹಾಳೆ ತೆಗೆದುಕೊಂಡು ಈ ವರ್ಷ ನಿಮ್ಮ ತಲೆ ತಿನ್ನುತ್ತಿರುವ ಮೂರು ಪ್ರಶ್ನೆ ಬರೆಯಿರಿ. ಮೂರೇ. ನಾನು ಬರೆದಿದ್ದವು ಇವು: ಮಂಜೂರಾದ ಜಮೀನು ವಾಪಸ್ ಕೊಡಿಸುವುದು, ಕೆರೆ ಒತ್ತುವರಿ, ಮೊಬೈಲ್‌ನಿಂದ ತೆಗೆದ ಸಾಕ್ಷ್ಯ. ಕೋಲಾರದ ನನ್ನ ಸ್ನೇಹಿತೆಯೊಬ್ಬರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆರೆಗಳಿಗೆ ಬಂದ ಮೇಲೆ ಅಂಥ ನೀರಿನ ಕಾನೂನನ್ನೇ ಹಿಡಿದು ಕೂತಿದ್ದಾರೆ. ಅವರ ಪಟ್ಟಿಯೇ ಬೇರೆ, ಬೇರೆಯೇ ಇರಬೇಕು.

ಈಗ ಗೂಗಲ್ ಸ್ಕಾಲರ್ ತೆರೆಯಿರಿ. ಮಾಮೂಲಿ ಗೂಗಲ್ ಅಲ್ಲ, ಸ್ಕಾಲರ್. ಮುಖ್ಯವಾಗಿ ಲೇಖನಗಳನ್ನು ಹುಡುಕುವ ಜಾಗ ಅದು, ಪುಕ್ಕಟೆ. ನಿಮ್ಮ ಪ್ರಶ್ನೆಯ ಮುಖ್ಯ ಪದಗಳನ್ನು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ.

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದರೆ ಎಲ್ಲ ಕೆಡುವುದು ಇಲ್ಲೇ. ನಾನು ಮೊದಲ ಸಲ ಪಿಟಿಸಿಎಲ್ ಅಂತಲೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ. ಬಂದದ್ದೆಲ್ಲ ಪಾಕಿಸ್ತಾನದ ಟೆಲಿಫೋನ್ ಕಂಪನಿಯ ಲೇಖನಗಳು. ಅದರ ಹೆಸರಿನ ಮೊದಲಕ್ಷರಗಳೂ ಅವೇ. ನಾವು ಕೋರ್ಟಿನಲ್ಲಿ ದಿನಾ ಬಳಸುವ ಸಂಕ್ಷಿಪ್ತ ಹೆಸರು ಹೊರಗಿನ ಲೇಖಕರಿಗೆ ಗೊತ್ತೇ ಇರುವುದಿಲ್ಲ. ಅವರು ಬರೆಯುವುದು 'ಗ್ರಾಂಟೆಡ್ ಲ್ಯಾಂಡ್ಸ್' ಅಂತ. ಆ ಎರಡು ಪದವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ಪಕ್ಕದಲ್ಲಿ ಕರ್ನಾಟಕ ಅಂತ ಸೇರಿಸಿದ ಮೇಲೆ ಬೇಕಾದ್ದು ಬರತೊಡಗಿತು. ಕೆರೆಗೂ ಅದೇ ಕಥೆ. ನಮ್ಮ ಕೆರೆಗೆ ಇಂಗ್ಲಿಷ್‌ನಲ್ಲಿ ಕೆಲವರು ಲೇಕ್ ಅನ್ನುತ್ತಾರೆ, ಹಳೆಯ ದಾಖಲೆಗಳೂ 2014ರ ನಮ್ಮ ಕೆರೆ ಸಂರಕ್ಷಣೆ ಕಾಯ್ದೆಯೂ ಟ್ಯಾಂಕ್ ಅನ್ನುತ್ತವೆ. ಎರಡನ್ನೂ ಹುಡುಕಬೇಕು.

ಕ್ರಿಮಿನಲ್ ಕಡೆಯವರು ಇನ್ನೂ ಹುಷಾರಾಗಿರಬೇಕು. 2024ರ ಜುಲೈ 1ರಿಂದ ಹೊಸ ಮೂರು ಕಾನೂನು ಬಂದ ಮೇಲೆ ಕಲಂ ಸಂಖ್ಯೆಗಳೆಲ್ಲ ಬದಲಾಗಿವೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಸಿಆರ್‌ಪಿಸಿಯ 482 ಅಂದರೆ ಹೈಕೋರ್ಟಿನ ಅಂತರ್ಗತ ಅಧಿಕಾರ. ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ 482 ಅಂದರೆ ನಿರೀಕ್ಷಣಾ ಜಾಮೀನು. ಅಂತರ್ಗತ ಅಧಿಕಾರ ಹೋಗಿ 528ರಲ್ಲಿ ಕೂತಿದೆ. ಬರೀ ಸಂಖ್ಯೆ ಹಾಕಿ ಹುಡುಕಿದರೆ ಎರಡೂ ಕಲಸಿಕೊಂಡು ಬರುತ್ತವೆ. ಎಲೆಕ್ಟ್ರಾನಿಕ್ ಸಾಕ್ಷ್ಯದ ಬಗ್ಗೆ ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿದ್ದ 65ಬಿ ಈಗ ಹೊಸ ಸಾಕ್ಷ್ಯ ಅಧಿನಿಯಮದ 63. ಹೊಸ ಲೇಖನ ಹೊಸ ಸಂಖ್ಯೆಯಲ್ಲಿರುತ್ತದೆ, ಹಳೆಯ ಒಳ್ಳೆಯ ಚರ್ಚೆ ಹಳೆಯ ಸಂಖ್ಯೆಯಲ್ಲಿರುತ್ತದೆ. ಹಾಗಾಗಿ ಸಂಖ್ಯೆಯ ಜೊತೆ ಕಾನೂನಿನ ಹೆಸರನ್ನೂ ಹಾಕಿ, ಎರಡೆರಡು ಅಲರ್ಟ್ (ಹೊಸದು ಬಂದಾಗ ಮೇಲ್ ಕಳಿಸುವ ವ್ಯವಸ್ಥೆ) ಇಟ್ಟುಕೊಳ್ಳಿ.

ಹುಡುಕಿದ್ದು ಸರಿ ಬಂತು ಅನ್ನಿಸಿದ ಮೇಲೆ ಆ ಪುಟದ ಎಡಗಡೆ ಕೆಳಗೆ ಲಕೋಟೆಯ ಚಿತ್ರ ಇರುತ್ತದೆ, 'ಕ್ರಿಯೇಟ್ ಅಲರ್ಟ್' ಅಂತ. ಒತ್ತಿ, ಮೇಲ್ ವಿಳಾಸ ಕೊಡಿ. ಇನ್ನು ಮುಂದೆ ಆ ಪದಗಳಿರುವ ಹೊಸ ಲೇಖನ ಸ್ಕಾಲರ್‌ಗೆ ಸೇರಿದಾಗಲೆಲ್ಲ ನಿಮಗೆ ಮೇಲ್ ಬರುತ್ತದೆ. ಮೊಬೈಲ್‌ನಲ್ಲಿ ಈ ಲಕೋಟೆ ಬೇಗ ಕಾಣುವುದಿಲ್ಲ, ಅಲರ್ಟ್ ಇಡುವ ದಿನ ಕಂಪ್ಯೂಟರ್ ಮುಂದೆ ಕೂರುವುದು ಒಳ್ಳೆಯದು.

ಇದಕ್ಕಿಂತ ಗಟ್ಟಿಯಾದ ಇನ್ನೊಂದು ಅಲರ್ಟ್ ಇದೆ, ನನಗೆ ಅತಿ ಉಪಯೋಗವಾದದ್ದು ಇದೇ. ನಿಮ್ಮ ವಿಷಯದಲ್ಲಿ ಎಲ್ಲರೂ ಒಪ್ಪುವ ಒಂದು ಹಳೆಯ ಲೇಖನ ಇರುತ್ತದಲ್ಲ, ಅದರ ಕೆಳಗೆ 'ಸೈಟೆಡ್ ಬೈ' ಅಂತ ಒಂದು ಸಂಖ್ಯೆ ಕಾಣುತ್ತದೆ. ಅದನ್ನು ಒತ್ತಿ. ಬರುವ ಪುಟದಲ್ಲೂ ಅದೇ ಲಕೋಟೆ ಇದೆ. ಅದಕ್ಕೆ ಅಲರ್ಟ್ ಇಟ್ಟರೆ ಮುಂದೆ ಯಾರೇ ಆ ಲೇಖನವನ್ನು ಉಲ್ಲೇಖಿಸಿ ಬರೆದರೂ ನಿಮಗೆ ಸುದ್ದಿ ಬರುತ್ತದೆ. ಅವರು ಯಾವ ಪದ ಬಳಸಿದ್ದಾರೆ ಅನ್ನುವ ತಲೆನೋವೇ ಇಲ್ಲ.

ಯಾವ ಜರ್ನಲ್ ಹಿಡಿಯುವುದು

ಅಲರ್ಟ್ ಪ್ರಶ್ನೆಗೆ ಉತ್ತರ ತರುತ್ತದೆ. ನೀವು ಕೇಳದೇ ಇದ್ದದ್ದನ್ನು ತರುವುದು ಜರ್ನಲ್‌ನ ಪರಿವಿಡಿ. ಅದಕ್ಕೆ ನಾಲ್ಕೈದು ಜರ್ನಲ್ ಆರಿಸಿಕೊಂಡು ಅವುಗಳ ಪರಿವಿಡಿಯನ್ನು ಮಾತ್ರ ತಪ್ಪದೆ ನೋಡಿ.

ನಮಗೆ ಹತ್ತಿರದ್ದು ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್. ಅಲ್ಲಿಂದ ಬರುವ ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ರಿವ್ಯೂ, ಸೋಶಿಯೋ-ಲೀಗಲ್ ರಿವ್ಯೂ, ಇಂಡಿಯನ್ ಜರ್ನಲ್ ಆಫ್ ಲಾ ಅಂಡ್ ಟೆಕ್ನಾಲಜಿ ಮೂರನ್ನೂ ದುಡ್ಡಿಲ್ಲದೆ ಓದಬಹುದು. ಜಮೀನು, ಜಾತಿ, ಕೋರ್ಟ್ ನಡೆಯುವ ರೀತಿ ಇವುಗಳ ಬಗ್ಗೆ ಆಸಕ್ತಿ ಇದ್ದವರು ಸೋಶಿಯೋ-ಲೀಗಲ್ ರಿವ್ಯೂ ಬಿಡಬಾರದು ಅನ್ನುವುದು ನನ್ನ ಅಭಿಪ್ರಾಯ. ಕೋಲ್ಕತ್ತದ ಎನ್‌ಯುಜೆಎಸ್ ಲಾ ರಿವ್ಯೂ 2008ರಿಂದ ಬರುತ್ತಿದೆ, ಅದೂ ಪುಕ್ಕಟೆ. ದೆಹಲಿಯ ಇಂಡಿಯನ್ ಲಾ ಇನ್‌ಸ್ಟಿಟ್ಯೂಟ್‌ನ ಜರ್ನಲ್ 1958ರಿಂದ ಇದೆ, ಮೂರು ತಿಂಗಳಿಗೊಮ್ಮೆ. ಅದೇ ಸಂಸ್ಥೆ ಆ್ಯನುಯಲ್ ಸರ್ವೆ ಆಫ್ ಇಂಡಿಯನ್ ಲಾ ಅಂತ ಒಂದು ದಪ್ಪ ಪುಸ್ತಕ ತರುತ್ತದೆ. ಒಂದೊಂದು ವಿಷಯಕ್ಕೆ ಒಂದೊಂದು ಅಧ್ಯಾಯ, ಆ ವರ್ಷದ ತೀರ್ಪುಗಳ ವಿಮರ್ಶೆ. ಎರಡು ಮೂರು ವರ್ಷ ಓದು ಬಿಟ್ಟುಹೋಗಿ ಈಗ ಮತ್ತೆ ಶುರು ಮಾಡುವವರು ಅಲ್ಲಿಂದ ಶುರು ಮಾಡಿ. 2017ರಲ್ಲಿ ಶುರುವಾದ ಇಂಡಿಯನ್ ಲಾ ರಿವ್ಯೂ ಒಳ್ಳೆಯದು, ಆದರೆ ಅದರ ಬಹಳಷ್ಟು ಲೇಖನಗಳಿಗೆ ಚಂದಾ ಬೇಕು. ಹೊರದೇಶದ್ದು ಬೇಕಾದವರಿಗೆ ಹಾರ್ವರ್ಡ್ ಲಾ ರಿವ್ಯೂ ನವೆಂಬರ್‌ನಿಂದ ಜೂನ್‌ವರೆಗೆ ವರ್ಷಕ್ಕೆ ಎಂಟು ಸಂಚಿಕೆ ತರುತ್ತದೆ, ಅವರ ವೆಬ್‌ಸೈಟ್‌ನಲ್ಲೇ ಸಿಗುತ್ತದೆ. ಸುಮ್ನೆ ಹೆಸರಿಗೋಸ್ಕರ ಓದಬೇಡಿ, ನಿಮ್ಮ ಪ್ರಶ್ನೆಗೆ ಬೇಕಿದ್ದರೆ ಓದಿ.

ಪ್ರಕಾಶಕರ ಸೈಟ್‌ಗಳಲ್ಲಿ ಪ್ರತಿ ಜರ್ನಲ್ ಪುಟದಲ್ಲೂ ಹೊಸ ಸಂಚಿಕೆ ಬಂದಾಗ ಮೇಲ್ ಕಳಿಸುವ ಗುಂಡಿ ಇರುತ್ತದೆ. ಚಂದಾ ಇಲ್ಲದಿದ್ದರೂ ಅದು ಸಿಗುತ್ತದೆ, ಪರಿವಿಡಿ ನೋಡಲು ಯಾರೂ ದುಡ್ಡು ಕೇಳುವುದಿಲ್ಲ. ವಿದ್ಯಾರ್ಥಿಗಳು ನಡೆಸುವ ಎಷ್ಟೋ ಜರ್ನಲ್‌ಗಳಲ್ಲಿ ಈ ಗುಂಡಿ ಇರುವುದಿಲ್ಲ. ಅಂಥವಕ್ಕೆ ಫೋನ್ ಕ್ಯಾಲೆಂಡರ್‌ನಲ್ಲಿ ಎರಡು ತಿಂಗಳಿಗೊಮ್ಮೆ ಗಂಟೆ ಹೊಡೆಯುವ ಹಾಗೆ ಇಟ್ಟುಕೊಂಡು ನಾವೇ ಹೋಗಿ ನೋಡಬೇಕು.

ಸಂಚಿಕೆಯ ಮೇಲಿನ ತಿಂಗಳನ್ನು ನಂಬಬೇಡಿ. ಕಳೆದ ವರ್ಷದ ಸಂಚಿಕೆ ಅಂತ ಅಚ್ಚಾಗಿದ್ದು ಈ ವರ್ಷ ಕೈಗೆ ಬರುವುದು ಮಾಮೂಲು. ಇನ್ನು ಕೆಲವು ಜರ್ನಲ್‌ಗಳು ಲೇಖನ ಒಪ್ಪಿದ ಕೂಡಲೇ ಆನ್‌ಲೈನ್‌ನಲ್ಲಿ ಹಾಕಿ, ಸಂಪುಟ ಸಂಖ್ಯೆ ಆಮೇಲೆ ಕೊಡುತ್ತವೆ. ಲೇಖನದ ಮೊದಲ ಪುಟದಲ್ಲಿ ಅದು ಬಂದ ದಿನ, ಒಪ್ಪಿದ ದಿನ, ಆನ್‌ಲೈನ್ ಆದ ದಿನ ಬರೆದಿದ್ದರೆ ಅದನ್ನು ನೋಡಿ. ತಿದ್ದುಪಡಿಗೆ ಮೊದಲು ಬರೆದದ್ದೋ ಆಮೇಲೆ ಬರೆದದ್ದೋ ಅನ್ನುವುದು ಗೊತ್ತಾಗುವುದು ಅಲ್ಲಿಂದಲೇ.

ದುಡ್ಡು ಕೊಡದೆ ಪೂರ್ತಿ ಲೇಖನ

ಅಲರ್ಟ್ ಬಂತು, ಒತ್ತಿದಿರಿ, ಮೂವತ್ತು ನಲವತ್ತು ಡಾಲರ್ ಕೊಡಿ ಅನ್ನುತ್ತದೆ. ಅಲ್ಲೇ ನಿಲ್ಲಬೇಡಿ. ಸ್ಕಾಲರ್‌ನಲ್ಲಿ ಲೇಖನದ ಕೆಳಗೆ 'ಆಲ್ ವರ್ಶನ್ಸ್' ಅಂತ ಇರುತ್ತದೆ, ಅಲ್ಲಿ ಒಂದಲ್ಲ ಒಂದು ಕಡೆ ಲೇಖಕರೇ ಹಾಕಿದ ಪ್ರತಿ ಇರಬಹುದು. ಎಸ್‌ಎಸ್‌ಆರ್‌ಎನ್‌ನಲ್ಲಿ ನೋಡಿ. 1994ರಲ್ಲಿ ಶುರುವಾದ ಆ ತಾಣದಲ್ಲಿ ಕಾನೂನು ಲೇಖಕರು ಜರ್ನಲ್‌ಗೆ ಬರುವ ಮೊದಲೇ ಕರಡು ಹಾಕುತ್ತಾರೆ. ಎಷ್ಟೋ ಸಲ ಸಂಚಿಕೆ ಬರುವುದಕ್ಕೆ ತಿಂಗಳುಗಟ್ಟಲೆ ಮೊದಲೇ ಅಲ್ಲಿ ಓದಿರುತ್ತೇವೆ. ಆದರೆ ಕರಡು ಕರಡೇ. ಉಲ್ಲೇಖಿಸುವ ಮುಂಚೆ ಅಚ್ಚಾದ ಪ್ರತಿಯ ಜೊತೆ ಹೋಲಿಸಿ. ಜರ್ನಲ್‌ಗಳ ಆನ್‌ಲೈನ್ ಭಂಡಾರ ಜೆಸ್ಟೋರ್‌ನಲ್ಲಿ ಪುಕ್ಕಟೆ ಖಾತೆ ಮಾಡಿದರೆ ತಿಂಗಳಿಗೆ 100 ಲೇಖನ ಆನ್‌ಲೈನ್‌ನಲ್ಲೇ ಓದಬಹುದು, ಆದರೆ ಅಲ್ಲಿ ಎಷ್ಟೋ ಜರ್ನಲ್‌ಗಳ ಇತ್ತೀಚಿನ ಕೆಲವು ವರ್ಷ ಇರುವುದಿಲ್ಲ. ಹಳೆಯದಕ್ಕೆ ಅದು, ಹೊಸದಕ್ಕೆ ಅಲ್ಲ.

ಸರ್ಕಾರಿ ಕಾಲೇಜು, ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದುವವರಿಗೆ, ಕಲಿಸುವವರಿಗೆ ಒಂದು ದೊಡ್ಡ ಅನುಕೂಲ ಇದೆ, ತುಂಬ ಜನಕ್ಕೆ ಗೊತ್ತಿಲ್ಲ. ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಇದರಲ್ಲಿ ಬರುತ್ತವೆ, 2025ರ ಜನವರಿಯಿಂದ ಜಾರಿಯಲ್ಲಿದೆ. ನಿಮ್ಮ ಕಾಲೇಜು ನೋಂದಾಯಿಸಿದೆಯಾ, ಮನೆಯಿಂದ ಲಾಗಿನ್ ಸಿಗುತ್ತದಾ ಅಂತ ಲೈಬ್ರರಿಯನ್ ಅವರನ್ನು ಕೇಳಿ. ನಾಚಿಕೆ ಬೇಡ, ಇದು ನಮ್ಮದೇ ತೆರಿಗೆ ಹಣ.

ಇದ್ಯಾವುದೂ ಆಗದಿದ್ದರೆ ಲೇಖಕರಿಗೇ ಮೇಲ್ ಬರೆಯಿರಿ. ನಾಲ್ಕು ಸಾಲು ಸಾಕು: ನೀವು ಯಾರು, ಯಾವ ಊರು, ಯಾವ ಲೇಖನ, ಯಾಕೆ ಬೇಕು. "ನಾನು ತುಮಕೂರಿನಲ್ಲಿ ಜಮೀನು ಕೇಸುಗಳನ್ನು ನಡೆಸುವ ವಕೀಲೆ, ನಿಮ್ಮ ಲೇಖನದ ಎರಡನೇ ಭಾಗ ನನ್ನ ಒಂದು ಕೇಸಿಗೆ ಬೇಕಾಗಿದೆ" ಅಂತ ಬರೆದಾಗ ನನಗೆ ಲೇಖನದ ಜೊತೆ ಅವರು ಬಳಸಿದ ತೀರ್ಪುಗಳ ಪಟ್ಟಿಯೂ ಬಂದಿದೆ. ತಮ್ಮ ಬರಹ ಜಿಲ್ಲಾ ಕೋರ್ಟಿನಲ್ಲಿ ಯಾರಿಗೋ ಬೇಕಾಯಿತು ಅಂದರೆ ಬರೆದವರಿಗೂ ಖುಷಿ ಅಲ್ವಾ.

ಹೆಸರಿಗೆ ಜರ್ನಲ್ ಆದವು

ಕಳೆದ ವರ್ಷ ನನ್ನ ಹತ್ತಿರ ಓದುವ ಒಬ್ಬ ಹುಡುಗಿ ವಾಟ್ಸ್ಆ್ಯಪ್‌ನಲ್ಲಿ ಬಂದ ಜಾಹೀರಾತು ನೋಡಿ 1,800 ರೂಪಾಯಿ ಕಟ್ಟಿದಳು. ಎರಡೇ ದಿನದಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಸಮೇತ. ಅವಳ ಬರಹವನ್ನು ಯಾರೂ ಓದಿಯೇ ಇರಲಿಲ್ಲ. ಮೊದಲ ಪುಟದಲ್ಲಿ ಅವಳು ಬಿಟ್ಟಿದ್ದ ಅಕ್ಷರ ತಪ್ಪು ಹಾಗೇ ಅಚ್ಚಾಗಿತ್ತು. ಅಪ್ಪ ತರಕಾರಿ ಮಾರಿ ಕೊಟ್ಟ ದುಡ್ಡು ಅದು. ನನಗೆ ಈಗಲೂ ಸಂಕಟ ಆಗುತ್ತದೆ.

ಹೀಗಾಗಿ ಹೊಸ ಹೆಸರು ಕಂಡರೆ ಐಎಸ್‌ಎಸ್‌ಎನ್, ಅಂದರೆ ನಿಯತಕಾಲಿಕೆಗಳಿಗೆ ಕೊಡುವ ಗುರುತು ಸಂಖ್ಯೆ, ಪರೀಕ್ಷೆ ಮಾಡಿ. ಎಂಟು ಅಂಕಿಯ ಈ ಸಂಖ್ಯೆಯ ಕೊನೆಯ ಅಂಕಿ ಲೆಕ್ಕದಿಂದ ಬರುತ್ತದೆ. ಇಂಡಿಯನ್ ಲಾ ಇನ್‌ಸ್ಟಿಟ್ಯೂಟ್ ಜರ್ನಲ್‌ನದ್ದು 0019-5731. ಮೊದಲ ಏಳು ಅಂಕಿಗಳನ್ನು ಕ್ರಮವಾಗಿ 8, 7, 6, 5, 4, 3, 2ರಿಂದ ಗುಣಿಸಿ ಕೂಡಿ: 0, 0, 6, 45, 20, 21, 6, ಒಟ್ಟು 98. ಅದನ್ನು 11ರಿಂದ ಭಾಗಿಸಿದರೆ ಶೇಷ 10. ಹನ್ನೊಂದರಲ್ಲಿ ಹತ್ತು ಕಳೆದರೆ 1. ಕೊನೆಯ ಅಂಕಿ 1, ಸರಿ ಹೋಯಿತು. ಕಳೆದಾಗ 10 ಬಂದರೆ ಆ ಜಾಗದಲ್ಲಿ ಎಕ್ಸ್ ಇರುತ್ತದೆ, ಶೇಷವೇ ಇಲ್ಲದಿದ್ದರೆ ಸೊನ್ನೆ. ಸುಮ್ನೆ ಹುಟ್ಟಿಸಿದ ಸಂಖ್ಯೆಗಳು ಬಹುಮಟ್ಟಿಗೆ ಇಲ್ಲೇ ಸಿಕ್ಕಿಬೀಳುತ್ತವೆ. ಲೆಕ್ಕ ಸರಿ ಬಂದರೂ ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ ಹಾಕಿ ಅದೇ ಹೆಸರು ಬರುತ್ತದಾ ನೋಡಿ. ಆ ಹುಡುಗಿಯ ಜರ್ನಲ್‌ನ ಸಂಖ್ಯೆ ಬೇರೆ ಯಾವುದೋ ಪತ್ರಿಕೆಯದ್ದು. ಒಂದು ಮಾತು ನೆನಪಿರಲಿ, ಐಎಸ್‌ಎಸ್‌ಎನ್ ಅನ್ನುವುದು ಮನೆ ನಂಬರ್ ಇದ್ದ ಹಾಗೆ. ಮನೆಯೊಳಗೆ ಎಂಥವರಿದ್ದಾರೆ ಅಂತ ಅದು ಹೇಳುವುದಿಲ್ಲ.

'ಯುಜಿಸಿ ಕೇರ್ ಪಟ್ಟಿಯಲ್ಲಿದೆ' ಅಂತ ಈಗಲೂ ಹೇಳಿಕೊಳ್ಳುವವರಿದ್ದಾರೆ. ಒಪ್ಪಬಹುದಾದ ಜರ್ನಲ್‌ಗಳ ಆ ಪಟ್ಟಿಯನ್ನು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2025ರ ಫೆಬ್ರವರಿಯಲ್ಲಿ ನಿಲ್ಲಿಸಿದೆ. ಸಂಪಾದಕ ಮಂಡಳಿಯಲ್ಲಿ ಹೆಸರಿರುವವರು ತಮ್ಮ ಕಾಲೇಜಿನ ಪುಟದಲ್ಲಿ ಆ ಜರ್ನಲ್ ಹೆಸರು ಹಾಕಿಕೊಂಡಿದ್ದಾರಾ ನೋಡಿ, ಹಿಂದಿನ ಸಂಚಿಕೆಯ ಎರಡು ಲೇಖನ ಓದಿ. ಓದಿದರೆ ಗೊತ್ತಾಗಿಬಿಡುತ್ತದೆ.

ಭಾನುವಾರದ ಒಂದು ಗಂಟೆ

ಎಲ್ಲ ಅಲರ್ಟ್‌ಗಳೂ ಒಂದೇ ಫೋಲ್ಡರ್‌ಗೆ ಹೋಗುವ ಹಾಗೆ ಮೇಲ್‌ನಲ್ಲಿ ಫಿಲ್ಟರ್ ಹಾಕಿ. ವಾರದ ಮಧ್ಯೆ ಅದನ್ನು ತೆರೆಯಲೇಬೇಡಿ. ನಾನು ಭಾನುವಾರ ಬೆಳಿಗ್ಗೆ ಕಾಫಿ ಮುಗಿಸಿ ಏಳಕ್ಕೆ ಕೂರುತ್ತೇನೆ. ಮೊದಲ ಹತ್ತು ನಿಮಿಷ ಬರೀ ಶೀರ್ಷಿಕೆ. ಹದಿನೈದು ಬಂದಿದ್ದರೆ ಹನ್ನೆರಡು ಅಲ್ಲೇ ಹೋಗುತ್ತವೆ. ಉಳಿದ ಮೂರರ ಸಾರಾಂಶ ಓದಿ, ಪೀಠಿಕೆಯ ಕೊನೆಯ ಎರಡು ಪ್ಯಾರಾ ಓದುತ್ತೇನೆ, ಲೇಖಕರು ಏನು ಹೇಳಲು ಹೊರಟಿದ್ದಾರೆ ಅನ್ನುವುದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಆಮೇಲೆ ನೇರ ಅಡಿಟಿಪ್ಪಣಿ. ನನಗೆ ಗೊತ್ತಿಲ್ಲದ ತೀರ್ಪು ಎಷ್ಟಿವೆ ಅಂತ ಪೆನ್ಸಿಲ್‌ನಲ್ಲಿ ಗುರುತು ಮಾಡುತ್ತಾ ಹೋಗುತ್ತೇನೆ. ಮೂರ್ನಾಲ್ಕು ಸಿಕ್ಕಿದರೆ ಆ ಲೇಖನವನ್ನು ಪೂರ್ತಿ ಓದುವುದು ಖಂಡಿತ. ಅದನ್ನು ಪ್ರಿಂಟ್ ತೆಗೆಸಿ ಇಟ್ಟುಕೊಂಡು ಹೈಕೋರ್ಟ್ ಕೆಲಸಕ್ಕೆ ಬೆಂಗಳೂರಿಗೆ ಹೋಗುವ ದಿನ ರೈಲಿನಲ್ಲಿ ಓದುತ್ತೇನೆ. ಕ್ಯಾತ್ಸಂದ್ರ ದಾಟುವಷ್ಟರಲ್ಲಿ ಕೂತು ಶುರು ಮಾಡಿದರೆ ಯಶವಂತಪುರಕ್ಕೆ ಒಂದು ಮುಗಿಯುತ್ತದೆ. ಫೋನ್‌ನಲ್ಲಿ ಅಡಿಟಿಪ್ಪಣಿ ಓದುವುದು ಕಣ್ಣಿಗೆ ಹಿಂಸೆ.

ಅಡಿಟಿಪ್ಪಣಿಯ ತೀರ್ಪನ್ನು ನೀವೇ ತೆರೆದು ನೋಡದೆ ಎಲ್ಲೂ ಬಳಸಬೇಡಿ. ಸುಪ್ರೀಂ ಕೋರ್ಟಿನವು ಆ ಕೋರ್ಟಿನದೇ ಇ-ಎಸ್‌ಸಿಆರ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ, 2023ರ ಜನವರಿಯಿಂದ. ಬೆಂಗಳೂರಿನ ಒಂದು ಸಿವಿಲ್ ಕೋರ್ಟಿನ ಆದೇಶದಲ್ಲಿ ಇಲ್ಲವೇ ಇಲ್ಲದ ತೀರ್ಪುಗಳ ಉಲ್ಲೇಖ ಬಂದದ್ದನ್ನು 2025ರಲ್ಲಿ ನಮ್ಮ ಹೈಕೋರ್ಟ್ ಎಷ್ಟು ಗಂಭೀರವಾಗಿ ತೆಗೆದುಕೊಂಡಿತು ಅನ್ನುವುದು ನಿಮಗೆ ಗೊತ್ತಿರಬಹುದು. ಲೇಖನ ಎಷ್ಟೇ ದೊಡ್ಡವರು ಬರೆದಿರಲಿ, ಪ್ಯಾರಾ ಸಂಖ್ಯೆವರೆಗೂ ಹೋಗಿ ನೋಡಿ.

ಓದಿದ್ದನ್ನು ಇಡಲು ಝೋಟೆರೋ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ. ಲೇಖನದ ಪುಟದಲ್ಲಿದ್ದಾಗ ಬ್ರೌಸರ್‌ನಲ್ಲಿ ಒಂದು ಗುಂಡಿ ಒತ್ತಿದರೆ ಹೆಸರು, ಸಂಪುಟ, ಪುಟ ಎಲ್ಲ ತಾನೇ ಬರೆದುಕೊಳ್ಳುತ್ತದೆ. ಅದರ ಜೊತೆಗೆ ನನ್ನ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ಕೂ ಇದೆ. ಪ್ರತಿ ಲೇಖನಕ್ಕೂ ಕನ್ನಡದಲ್ಲಿ ಎರಡು ಸಾಲು: ಇವರು ಹೇಳಿದ್ದೇನು, ನನಗೆ ಎಲ್ಲಿ ಬೇಕಾಗಬಹುದು. ಇಂಗ್ಲಿಷ್‌ನಲ್ಲಿ ಬರೆದರೆ ಅವರ ಮಾತನ್ನೇ ನಕಲು ಮಾಡಿಬಿಡುತ್ತೇವೆ. ಕನ್ನಡದಲ್ಲಿ ಬರೆಯಬೇಕಾದರೆ ಅರ್ಥ ಆಗಿರಲೇಬೇಕು.

ಈಗ ನಾವು ಐದು ಜನ ಸೇರಿ ಜರ್ನಲ್ ಹಂಚಿಕೊಂಡಿದ್ದೇವೆ. ಒಬ್ಬರಿಗೆ ಒಂದು. ತಮ್ಮ ಪಾಲಿನ ಜರ್ನಲ್‌ನಲ್ಲಿ ಹೊಸ ಸಂಚಿಕೆ ಬಂದರೆ ಅವರು ಎರಡು ಸಾಲು ಬರೆದು ಉಳಿದವರಿಗೆ ಕಳಿಸಬೇಕು, ಬೇಕಾದವರು ಪೂರ್ತಿ ಓದುತ್ತಾರೆ. ಚಿಕ್ಕಬಳ್ಳಾಪುರದಲ್ಲಿ ಪ್ರಾಕ್ಟೀಸ್ ಮಾಡುವ ಒಬ್ಬರು ಇತ್ತೀಚೆಗೆ ಸೇರಿಕೊಂಡರು, ಕಾರ್ಮಿಕ ಕಾನೂನಿನದ್ದು ಅವರ ಪಾಲಿಗೆ.

ಆರು ತಿಂಗಳಿಗೊಮ್ಮೆ ಅಲರ್ಟ್‌ಗಳ ಕಳೆ ಕೀಳಿ. ಕೇಸು ಮುಗಿದಿರುತ್ತದೆ, ಪ್ರಬಂಧ ಕೊಟ್ಟಾಗಿರುತ್ತದೆ, ಅದರ ಮೇಲ್ ಮಾತ್ರ ಬರುತ್ತಲೇ ಇರುತ್ತದೆ. ಸ್ಕಾಲರ್ ಮೇಲ್‌ನ ಕೊನೆಯಲ್ಲೇ ಅಲರ್ಟ್ ರದ್ದು ಮಾಡುವ ಕೊಂಡಿ ಇದೆ. ಆಗಲೇ ಆ ಮೂರು ಪ್ರಶ್ನೆಯ ಹಾಳೆಯನ್ನೂ ತೆಗೆದು ನೋಡಿ, ಮುಗಿದದ್ದಕ್ಕೆ ಗೆರೆ ಎಳೆದು ಆ ಜಾಗದಲ್ಲಿ ಹೊಸದನ್ನು ಬರೆಯಿರಿ. ನಾನು ಹೋದ ತಿಂಗಳು ಮೊಬೈಲ್ ಸಾಕ್ಷ್ಯದ್ದನ್ನು ತೆಗೆದು ಪೋಡಿ ದುರಸ್ತಿ (ಜಮೀನು ಅಳೆದು ದಾಖಲೆ ಬೇರ್ಪಡಿಸುವುದು) ಅಂತ ಬರೆದೆ. ಅದಕ್ಕೆ ಇಂಗ್ಲಿಷ್‌ನಲ್ಲಿ ಯಾವ ಪದ ಹಾಕಿ ಹುಡುಕಬೇಕು ಅಂತ ಇನ್ನೂ ಒಂದೊಂದೇ ಹಾಕಿ ನೋಡುತ್ತಿದ್ದೇನೆ.